ಕೀಲುನೋವಿಗೆ ಶಾಖವೋ, ತಂಪೋ?

ಸಾವಿಲ್ಲದ ಮನೆಯ ಸಾಸಿವೆಯನ್ನು ಹುಡುಕಿಕೊಂಡು ಹೊರಟ ಕಿಸಾಗೋತಮಿಯ ಕಥೆ ನಮಗೆಲ್ಲ ತಿಳಿದದ್ದೇ. ಕೀಲುನೋವಿಲ್ಲದ ಮನೆಯ ಸಾಸಿವೆ ಬೇಕೆಂದು ಯಾರಾದರೂ ಹೊರಟರೆ ಅವರೂ ಬರಿಗೈಯಲ್ಲೇ ಹಿಂದಿರುಗಬೇಕಾದೀತು. ಒಂದು ಮನೆಯಲ್ಲಿ ಅಜ್ಜಿಯ ಮಂಡಿ, ಇನ್ನೊಂದರಲ್ಲಿ ಯಜಮಾನರ ಕಾಲಿನ ಹೆಬ್ಬೆರಳು, ಮತ್ತೊಂದರಲ್ಲಿ ಮನೆಯಾಕೆಯ ಬೆರಳ ಗೆಣ್ಣುಗಳು. ನೋವು ಕಾಣಿಸಿಕೊಂಡ ಕೂಡಲೇ ಮನೆಯಲ್ಲಿ ಎರಡು ಪಕ್ಷಗಳು ಏಳುತ್ತವೆ. “ಉಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಡಮ್ಮ, ವಾಯು ಇಳಿಯುತ್ತೆ” ಎಂಬುದು ಅಜ್ಜಿಯ ಪಕ್ಷ. “ಬೇಡಜ್ಜಿ, ಆಟದಲ್ಲಿ ಕಾಲು ಉಳುಕಿದರೆ ನಮಗೆ ಐಸೇ ಇಡೋದು” ಎಂಬುದು ಕಾಲೇಜಿಗೆ ಹೋಗುವ ಮೊಮ್ಮಗನ ಪಕ್ಷ. ನೋವುಂಡವರು ಕಾಲು ಚಾಚಿಕೊಂಡು ನಡುವೆ ಕುಳಿತಿರುತ್ತಾರೆ. ಯಾರ ಮಾತು ಜೋರಾಯಿತೋ ಅವರ ಚಿಕಿತ್ಸೆ ನಡೆಯುತ್ತದೆ.

ಈ ವ್ಯಾಜ್ಯದಲ್ಲಿ ಅಜ್ಜಿಯ ಮಾತೂ ಸುಳ್ಳಲ್ಲ, ಮೊಮ್ಮಗನ ಮಾತೂ ಸುಳ್ಳಲ್ಲ. ಇಬ್ಬರೂ ಬೇರೆ ಬೇರೆ ಕೀಲುಗಳ ವಿಷಯ ಹೇಳುತ್ತಿದ್ದಾರೆ, ಅಷ್ಟೆ. ಬಿಗಿದುಕೊಂಡ ಹಳೆಯ ಕೀಲಿಗೆ ಶಾಖ ಹಿತ. ಕೆರಳಿ ಕಾದ ಹೊಸ ಊತಕ್ಕೆ ತಂಪು ಹಿತ. ಇವೆರಡೂ ಸಲ್ಲದ ಮೂರನೆಯ ಬಗೆಯ ಕೀಲೊಂದುಂಟು. ಅದಕ್ಕೆ ಮನೆಯ ಚಿಕಿತ್ಸೆ ಮಾಡುತ್ತ ಕುಳಿತರೆ ಕೀಲೇ ಹೋದೀತು, ಕೆಲವೊಮ್ಮೆ ಪ್ರಾಣಕ್ಕೂ ಸಂಚಕಾರ ಬಂದೀತು. ಆದಕಾರಣ ಬಿಸಿಯೋ ತಣ್ಣಗೋ ಎಂಬ ಪ್ರಶ್ನೆಯನ್ನು ಬೇರೆ ಯಾರನ್ನಾದರೂ ಕೇಳುವ ಮೊದಲು ಕೀಲನ್ನೇ ಕೇಳಬೇಕು. ಕೇಳುವುದು ಹೇಗೆ, ಅದು ಕೊಡುವ ಉತ್ತರವನ್ನು ಗುರುತಿಸುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಕೀಲಿನ ರಚನೆಯನ್ನಿಷ್ಟು ನೋಡೋಣ. ಎರಡು ಮೂಳೆಗಳು ಕೂಡುವೆಡೆಯಲ್ಲಿ ಅವುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ಸುತ್ತಲೂ ಒಂದು ಚೀಲ. ಆ ಚೀಲದ ಒಳಮೈಗೆ ತೆಳುವಾದ ಒಂದು ಪೊರೆ. ಈ ಒಳಪೊರೆಯು ಮೊಟ್ಟೆಯ ಬಿಳಿಯಂತೆ ಜಿಗುಟಾದ ದ್ರವವನ್ನು ಸ್ವಲ್ಪ ಸ್ವಲ್ಪವಾಗಿ ಒಸರುತ್ತದೆ. ಎತ್ತಿನ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ, ನಮ್ಮ ಮಂಡಿಗೆ ಈ ದ್ರವ ಹಾಗೆ. ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಅದಕ್ಕೆ ಆಹಾರ ದೊರೆಯುವುದು ಬಹುಮಟ್ಟಿಗೆ ಈ ದ್ರವದಿಂದಲೇ. ಅದಕ್ಕಾಗಿಯೇ ಒಮ್ಮೆ ಹಾಳಾದ ಮೃದ್ವಸ್ಥಿ ಮುರಿದ ಮೂಳೆಯಂತೆ ಸುಲಭವಾಗಿ ಕೂಡಿಕೊಳ್ಳುವುದಿಲ್ಲ. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪೆಟ್ಟಿನಿಂದಲೋ, ರೋಗಾಣುವಿನಿಂದಲೋ, ದ್ರವದಲ್ಲಿ ಹರಳುಗಟ್ಟಿದ ಲವಣದಿಂದಲೋ, ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿದ್ದರಿಂದಲೋ ಈ ಒಳಪೊರೆ ಕೆರಳಿತೆನ್ನಿ. ಆಗ ಅಲ್ಲಿಯ ರಕ್ತನಾಳಗಳು ಹಿಗ್ಗುತ್ತವೆ. ರಕ್ತ ಹೆಚ್ಚಾಗಿ ನುಗ್ಗುತ್ತದೆ. ನಾಳಗಳ ಗೋಡೆಯಿಂದ ನೀರಿನಂಶವೂ ಬಿಳಿಯ ರಕ್ತಕಣಗಳೂ ಹೊರಕ್ಕೆ ಜಿನುಗಿ ಕೀಲಿನ ಚೀಲವನ್ನು ತುಂಬುತ್ತವೆ. ಇದಕ್ಕೆ ನಮ್ಮವರು ಕೊಟ್ಟ ಹೆಸರು ಉರಿಯೂತ. ಉರಿ, ಊತ ಎಂಬ ಎರಡು ಲಕ್ಷಣಗಳು ಹೆಸರಿನಲ್ಲೇ ಇವೆ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ಎಂಬ ಗ್ರಂಥಕಾರ ನಾಲ್ಕು ಲಕ್ಷಣಗಳನ್ನು ಹೇಳಿದ: ಕೆಂಪು, ಊತ, ಬಿಸಿ, ನೋವು. ಆ ಅಂಗ ತನ್ನ ಕೆಲಸ ಮಾಡಲಾರದೆ ಹೋಗುವುದು ಐದನೆಯ ಲಕ್ಷಣವೆಂದು ಆಮೇಲಿನವರು ಸೇರಿಸಿದರು. ಎರಡು ಸಾವಿರ ವರ್ಷಗಳಾದರೂ ವೈದ್ಯರು ಈ ಪಟ್ಟಿಯನ್ನು ಬಿಟ್ಟಿಲ್ಲ. ಮನೆಯಲ್ಲಿ ನಿಮಗೂ ನನಗೂ ಬೇಕಾದದ್ದು ಇದರಲ್ಲಿ ಮೂರನೆಯದು, ಬಿಸಿ.

ಕೀಲನ್ನು ಪ್ರಶ್ನೆ ಕೇಳುವ ಬಗೆ ಬಹಳ ಸರಳ. ಮಗುವಿಗೆ ಜ್ವರ ಬಂದಿದೆಯೇ ಎಂದು ತಾಯಿ ನೋಡುವಂತೆ, ನಿಮ್ಮ ಅಂಗೈಯ ಹಿಂಭಾಗವನ್ನು ಮೊದಲು ತೊಡೆಯ ಮೇಲೆ, ಆಮೇಲೆ ಮಂಡಿಯ ಮೇಲೆ, ಅನಂತರ ಕಣಕಾಲಿನ ಮೇಲೆ ಇಟ್ಟು ನೋಡಿ. ಆರೋಗ್ಯವಾಗಿರುವ ಮಂಡಿ ತನ್ನ ಮೇಲಿನ ತೊಡೆಗಿಂತ ತುಸು ತಣ್ಣಗಿರುತ್ತದೆ. ದೇಹದ ಒಳಗಿನ ಉಷ್ಣ ೩೭ ಡಿಗ್ರಿ ಸೆಂಟಿಗ್ರೇಡ್ ಇದ್ದರೂ ಸ್ವಸ್ಥವಾದ ಮಂಡಿಯ ಒಳಗಿನ ಉಷ್ಣ ಸುಮಾರು ೩೨ರಿಂದ ೩೩ ಡಿಗ್ರಿಯಷ್ಟೆ. ಏಕೆಂದರೆ ಅಲ್ಲಿ ದಪ್ಪ ಮಾಂಸವಿಲ್ಲ, ಚರ್ಮದ ಕೆಳಗೇ ಮೂಳೆ. ಆದ್ದರಿಂದ ಮಂಡಿಯು ತೊಡೆಯಷ್ಟೇ ಬೆಚ್ಚಗಿದ್ದರೂ ಅನುಮಾನಪಡಬೇಕು. ಅದಕ್ಕಿಂತ ಬಿಸಿಯಾಗಿದ್ದರೆ ಒಳಗೆ ಉರಿಯೂತವಿದೆಯೆಂದೇ ತಿಳಿಯಬೇಕು. ಎರಡು ಮಂಡಿಗಳನ್ನೂ ಹೋಲಿಸಿ ನೋಡಿ. ಮಣಿಕಟ್ಟಿಗೂ ಕಾಲಿನ ಹರಡಿಗೂ ಇದೇ ಪರೀಕ್ಷೆ. ಎಣ್ಣೆ, ಮುಲಾಮು ಹಚ್ಚಿದ ಮೇಲಾಗಲಿ, ಬಿಸಿಲಿನಿಂದ ಬಂದ ಒಡನೆಯಾಗಲಿ ನೋಡಬೇಡಿ. ನೆರಳಿನಲ್ಲಿ ಕಾಲು ಗಂಟೆ ಕುಳಿತು ನೋಡಿ.

ಕೀಲು ಬಿಸಿಯಾಗಿದೆ, ಊದಿದೆ, ನಿನ್ನೆ ಮೊನ್ನೆ ಬಂದ ನೋವು ಎಂದಾದರೆ ತಂಪಿನ ಪಕ್ಷ ಗೆದ್ದಿತು. ತಂಪು ಮಾಡುವ ಕೆಲಸ ಮೂರು. ಹಿಗ್ಗಿದ ರಕ್ತನಾಳಗಳನ್ನು ಕುಗ್ಗಿಸಿ ಜಿನುಗುವಿಕೆಯನ್ನು ಕಡಿಮೆ ಮಾಡುತ್ತದೆ. ನೋವಿನ ಸುದ್ದಿಯನ್ನು ಒಯ್ಯುವ ನರಗಳ ವೇಗವನ್ನು ತಗ್ಗಿಸುತ್ತದೆ. ಕೀಲಿನೊಳಗಿನ ರಾಸಾಯನಿಕ ಕ್ರಿಯೆಗಳನ್ನು ನಿಧಾನಗೊಳಿಸುತ್ತದೆ. ಈ ಮೂರನೆಯದು ಸ್ವಲ್ಪ ವಿವರಿಸತಕ್ಕದ್ದು. ೧೯೭೪ರಲ್ಲಿ ಅಮೆರಿಕದ ಹ್ಯಾರಿಸ್ ಮತ್ತು ಮೆಕ್‌ಕ್ರಾಸ್ಕರಿ ಎಂಬ ಇಬ್ಬರು ಸಂಶೋಧಕರು ಸಂಧಿವಾತದ ರೋಗಿಗಳ ಕೀಲಿನ ಒಳಪೊರೆಯಿಂದ ಬರುವ ಒಂದು ಕಿಣ್ವವನ್ನು ಪರೀಕ್ಷಿಸಿದರು. ಮೃದ್ವಸ್ಥಿಯ ಹುರಿಯಂತಿರುವ ಪ್ರೋಟೀನನ್ನು ಕಡಿದುಹಾಕುವ ಕಿಣ್ವ ಅದು. ಪ್ರಯೋಗಶಾಲೆಯಲ್ಲಿ ಉಷ್ಣವನ್ನು ೩೩ರಿಂದ ೩೬ ಡಿಗ್ರಿಗೆ ಏರಿಸಿದಾಗ ಅದು ಸುಮಾರು ನಾಲ್ಕು ಪಟ್ಟು ಚುರುಕಾಯಿತು. ಮೂರೇ ಡಿಗ್ರಿಯ ವ್ಯತ್ಯಾಸ! ಸ್ವಸ್ಥವಾದ ಮಂಡಿಗೂ ಕಾದ ಮಂಡಿಗೂ ಇರುವ ಅಂತರ ಸರಿಸುಮಾರು ಅಷ್ಟೇ. ಗಾಜಿನ ನಳಿಕೆಯಲ್ಲಿ ಕಂಡದ್ದೆಲ್ಲ ಮನುಷ್ಯನ ಮಂಡಿಯಲ್ಲೂ ಹಾಗೆಯೇ ನಡೆಯುತ್ತದೆಂದು ಹೇಳಲಾಗದು. ಆದರೂ ಈಗಾಗಲೇ ಕಾದಿರುವ ಕೀಲಿಗೆ ಮೇಲಿಂದ ಮತ್ತಷ್ಟು ಕಾವು ಕೊಡುವ ಮೊದಲು ಎರಡು ಸಲ ಯೋಚಿಸಲು ಇಷ್ಟು ಸಾಕು.

ಮೇಲೆ ಇಟ್ಟ ಮಂಜುಗಡ್ಡೆ ಒಳಗಿನವರೆಗೆ ಮುಟ್ಟುತ್ತದೆಯೇ ಎಂದು ನೀವು ಕೇಳಬಹುದು. ಮುಟ್ಟುತ್ತದೆ. ೧೯೯೨ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರ ಮಂಡಿಯೊಳಗೆ ಉಷ್ಣಮಾಪಕವನ್ನಿಟ್ಟು ನೋಡಿದರು. ಮಂಜುಗಡ್ಡೆಯ ಚೂರುಗಳನ್ನು ಮಂಡಿಯ ಸುತ್ತ ಇಟ್ಟಾಗ ಒಳಗಿನ ಉಷ್ಣ ೩೨ ಡಿಗ್ರಿಯ ಸುಮಾರಿನಿಂದ ೨೨–೨೩ ಡಿಗ್ರಿಯ ಸುಮಾರಿಗೆ ಇಳಿಯಿತು.

ತಂಪು ಕೊಡುವ ಕ್ರಮ ಹೀಗೆ. ಮಂಜುಗಡ್ಡೆಯನ್ನು ಪುಡಿಮಾಡಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸ್ವಲ್ಪ ನೀರು ಬೆರೆಸಿ, ಬಾಯಿ ಕಟ್ಟಿ. ಚರ್ಮಕ್ಕೂ ಚೀಲಕ್ಕೂ ನಡುವೆ ಒಂದು ತೆಳ್ಳನೆಯ ಟವಲು ಇರಲೇಬೇಕು. ಹತ್ತರಿಂದ ಹದಿನೈದು ನಿಮಿಷ ಇಡಿ, ಇಪ್ಪತ್ತನ್ನು ಮೀರಬೇಡಿ. ಐದು ನಿಮಿಷಕ್ಕೊಮ್ಮೆ ತೆಗೆದು ಚರ್ಮವನ್ನು ನೋಡಿ. ನಸುಗೆಂಪಾದರೆ ಸರಿ, ಬಿಳಿಚಿಕೊಂಡರೆ, ನೀಲಿಗಟ್ಟಿದರೆ, ದದ್ದು ಎದ್ದರೆ ಅಲ್ಲಿಗೇ ನಿಲ್ಲಿಸಿ. ಎರಡು ಮೂರು ಗಂಟೆ ಬಿಟ್ಟು ಬೇಕಾದರೆ ಮತ್ತೊಮ್ಮೆ ಇಡಬಹುದು. ಕರಗುತ್ತಿರುವ ಮಂಜುಗಡ್ಡೆಯೇ ಏಕೆ ಎಂದರೆ, ಒಂದು ಗ್ರಾಮ್ ಮಂಜು ನೀರಾಗಲು ೮೦ ಕ್ಯಾಲೊರಿ ಶಾಖವನ್ನು ಹೀರುತ್ತದೆ, ಅದೂ ಸೊನ್ನೆ ಡಿಗ್ರಿಯಲ್ಲೇ ನಿಂತು. ಅದೇ ಶೀತಪೆಟ್ಟಿಗೆಯ ಮೇಲಿನ ಅರೆಯಿಂದ ಆಗತಾನೇ ತೆಗೆದ ಪೊಟ್ಟಣ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿರಬಹುದು; ಅದನ್ನು ಬರಿಯ ಚರ್ಮದ ಮೇಲಿಟ್ಟರೆ ಚರ್ಮ ಹೆಪ್ಪುಗಟ್ಟಿ ಸುಟ್ಟಂತಾಗುತ್ತದೆ. ಮಂಜುಗಡ್ಡೆಗೆ ಉಪ್ಪು ಸೇರಿಸುವುದೂ ಬೇಡ. ಐಸ್‌ಕ್ರೀಮು ಮಾಡುವವರಿಗೆ ಗೊತ್ತಿರುವಂತೆ ಅದು ಸೊನ್ನೆಗಿಂತ ಕೆಳಕ್ಕೆ ಇಳಿಯುತ್ತದೆ. ಶೀತಪೆಟ್ಟಿಗೆ ಇಲ್ಲದ ಮನೆಯಲ್ಲಿ ಮಡಕೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪದೇ ಪದೇ ಬದಲಾಯಿಸುತ್ತಿದ್ದರೂ ತಕ್ಕಮಟ್ಟಿಗೆ ಹಿತವಾಗುತ್ತದೆ.

ಎರಡು ಎಚ್ಚರಿಕೆಗಳುಂಟು. ಮಂಡಿಯ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಪಾದವನ್ನು ಮೇಲಕ್ಕೆತ್ತುವ ನರವೊಂದು ಚರ್ಮದ ಅಡಿಯಲ್ಲೇ ಹಾಯುತ್ತದೆ. ಅಲ್ಲಿ ಬಹಳ ಹೊತ್ತು ಮಂಜುಗಡ್ಡೆಯನ್ನು ಒತ್ತಿ ಕಟ್ಟಿದರೆ ನರ ಮರಗಟ್ಟಿ ಪಾದ ಜೋತುಬೀಳಬಹುದು. ಇನ್ನು ಕಾಲಿನ ರಕ್ತನಾಳಗಳು ಕಿರಿದಾದವರು, ಚಳಿಗೆ ಬೆರಳು ಬೆಳ್ಳಗೆ ನೀಲಿಯಾಗುವವರು, ತಣ್ಣೀರು ತಗುಲಿದರೆ ಮೈಯಲ್ಲಿ ಪಿತ್ತದ ಗಂಧೆ ಏಳುವವರು ತಂಪಿನ ಚಿಕಿತ್ಸೆಗೆ ಕೈಹಾಕಬಾರದು.

ತಂಪು ಬೇಡುವ ಕೀಲಿಗೆ ಎರಡು ಉದಾಹರಣೆ ಕೊಡುತ್ತೇನೆ. ಮೊದಲನೆಯದು ಗೌಟ್. ರಾತ್ರಿ ಚೆನ್ನಾಗಿ ಮಲಗಿದ ಗೃಹಸ್ಥರು ನಡುರಾತ್ರಿಯಲ್ಲಿ ಕಾಲಿನ ಹೆಬ್ಬೆರಳು ಹಿಡಿದುಕೊಂಡು ಏಳುತ್ತಾರೆ. ಗೆಣ್ಣು ಕೆಂಪಗೆ ಹೊಳೆಯುತ್ತದೆ. ಹೊದಿಕೆ ತಗುಲಿದರೂ ಪ್ರಾಣ ಹೋದಂತಾಗುತ್ತದೆ. ರಕ್ತದಲ್ಲಿ ಹೆಚ್ಚಿದ ಯೂರಿಕ್ ಆಮ್ಲದ ಲವಣ ಕೀಲಿನಲ್ಲಿ ಸೂಜಿಯಂಥ ಹರಳುಗಳಾಗಿ ಇಳಿದುದರ ಫಲ ಇದು. ಈ ಲವಣ ೩೭ ಡಿಗ್ರಿಯಲ್ಲಿ ಕರಗಿರುವಷ್ಟು ೩೦ ಡಿಗ್ರಿಯಲ್ಲಿ ಕರಗಿರಲಾರದು. ದೇಹದ ತುತ್ತತುದಿಯಲ್ಲಿರುವ ತಣ್ಣನೆಯ ಹೆಬ್ಬೆರಳನ್ನೇ ಅದು ಆರಿಸಿಕೊಳ್ಳುವುದಕ್ಕೆ ಇದೊಂದು ಕಾರಣ. ಹಾಗಾದರೆ ತಂಪು ಕೊಟ್ಟರೆ ಇನ್ನಷ್ಟು ಹರಳಾಗದೇ ಎಂಬ ಸಂದೇಹ ಸಹಜವೇ. ಆದರೆ ನೋವು ಎದ್ದಾಗ ಹರಳು ಆಗಲೇ ಮೂಡಿ ಬೆಂಕಿ ಹತ್ತಿರುತ್ತದೆ, ಆರಿಸಬೇಕಾದದ್ದು ಬೆಂಕಿಯನ್ನು. ೨೦೦೨ರಲ್ಲಿ ಪ್ರಕಟವಾದ, ೧೯ ರೋಗಿಗಳ ಒಂದು ಚಿಕ್ಕ ಪರೀಕ್ಷೆಯಲ್ಲಿ, ಔಷಧಿಯ ಜೊತೆಗೆ ಮಂಜುಗಡ್ಡೆಯನ್ನೂ ಇಟ್ಟವರಿಗೆ ಬರಿಯ ಔಷಧಿ ತೆಗೆದುಕೊಂಡವರಿಗಿಂತ ನೋವು ಹೆಚ್ಚಾಗಿ ಇಳಿಯಿತು. ಔಷಧಿಯ ಜೊತೆಗೆ ಎಂಬ ಮಾತನ್ನು ಮರೆಯಬೇಡಿ. ಮಂಜುಗಡ್ಡೆ ಯೂರಿಕ್ ಆಮ್ಲವನ್ನು ಇಳಿಸದು.

ಎರಡನೆಯದು ನಮ್ಮ ನಾಡಿನ ಮನೆಮನೆಗೂ ಬಂದುಹೋದದ್ದು, ಚಿಕೂನ್‌ಗುನ್ಯ. ೧೯೫೨ರಲ್ಲಿ ಆಗಿನ ಟಾಂಗನಿಕಾ ದೇಶದ ಮಕೊಂಡೆ ಜನರ ನಡುವೆ ಮೊದಲು ಕಾಣಿಸಿಕೊಂಡ ಈ ಜ್ವರಕ್ಕೆ ಅವರ ಭಾಷೆಯಲ್ಲೇ ಹೆಸರು; ಮನುಷ್ಯನನ್ನು ಬಾಗಿಸುವುದು ಎಂದು ಅರ್ಥ. ೨೦೦೬ರ ಪಿಡುಗಿನಲ್ಲಿ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಮಿಕ್ಕಿ ಶಂಕಿತ ರೋಗಿಗಳು ಲೆಕ್ಕಕ್ಕೆ ಸಿಕ್ಕಿದರು. ಆಗ ಗೋಡೆ ಹಿಡಿದು ಬಚ್ಚಲಿಗೆ ನಡೆದವರಿಗೆ ಹೆಸರಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಷ್ಟೋ ಮನೆಗಳಲ್ಲಿ ಜ್ವರದ ಮೂರನೆಯ ದಿನವೇ ಎಣ್ಣೆ ಕಾಯಿಸಿ ತಿಕ್ಕಿ, ಸುಡುನೀರು ಹುಯ್ದು, ಆಮೇಲೆ ನೋವು ಇಮ್ಮಡಿಯಾಯಿತೆಂದು ಮರುಗಿದ್ದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಕಚೇರಿ ೨೦೦೮ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ವಿಷಯವನ್ನು ಸ್ಪಷ್ಟವಾಗಿ ಹೇಳುತ್ತದೆ: ರೋಗದ ಮೊದಲ ಹಂತದಲ್ಲಿ ಶಾಖ ಬೇಡ, ತಣ್ಣನೆಯ ಪಟ್ಟಿ ಒಳ್ಳೆಯದು. ಇದು ಡೆಂಗೆ ಜ್ವರವಲ್ಲವೆಂದು ವೈದ್ಯರು ಖಚಿತಪಡಿಸುವ ತನಕ ಆಸ್ಪಿರಿನ್ ಮೊದಲಾದ ನೋವಿನ ಮಾತ್ರೆಗಳನ್ನು ತಾವೇ ನುಂಗುವುದೂ ಬೇಡ. ಡೆಂಗೆಯಲ್ಲಿ ಅವು ರಕ್ತಸ್ರಾವಕ್ಕೆ ದಾರಿಮಾಡಬಲ್ಲವು.

ಇನ್ನು ಅಜ್ಜಿಯ ಪಕ್ಷಕ್ಕೆ ಬರೋಣ. ಕೈಯ ಹಿಂಭಾಗಕ್ಕೆ ಕೀಲು ಬಿಸಿಯೆನಿಸದು, ಊತವೂ ಹೊಸದಲ್ಲ. ಆದರೆ ಬೆಳಗ್ಗೆ ಎದ್ದಾಗ ಬೀಗ ಹಾಕಿದಂತೆ ಬಿಗಿದಿರುತ್ತದೆ, ಬಹಳ ಹೊತ್ತು ಕುಳಿತು ಏಳುವಾಗ ಎರಡು ಹೆಜ್ಜೆ ಹಿಡಿಯುತ್ತದೆ, ನಡೆದಾಡಿದರೆ ಸಡಿಲವಾಗುತ್ತದೆ. ಇದು ಬಹುಮಟ್ಟಿಗೆ ಕೀಲು ಸವೆತದ ನೋವು. ಇಂಥ ಕೀಲಿನ ಸುತ್ತಲ ಸ್ನಾಯುಗಳು ನೋವಿಗೆ ಹೆದರಿ ಬಿಗಿದುಕೊಂಡಿರುತ್ತವೆ. ಶಾಖ ತಗುಲಿದರೆ ಸ್ನಾಯು ಸಡಿಲಗೊಳ್ಳುತ್ತದೆ, ರಕ್ತಸಂಚಾರ ಹೆಚ್ಚುತ್ತದೆ, ಕೀಲಿನ ಚೀಲ ತುಸು ಬಳುಕುತ್ತದೆ. ಇದಲ್ಲದೆ ಬೆಚ್ಚಗಿನ ಅನುಭವವೇ ನೋವನ್ನು ಮರೆಸುತ್ತದೆ. ೧೯೬೫ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲಿರುವಂತೆ ಕಾಣುತ್ತದೆಂದೂ, ಸ್ಪರ್ಶದಂಥ ಬೇರೆ ಸುದ್ದಿಗಳು ಬಂದಾಗ ಆ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತದೆಂದೂ ವಾದಿಸಿದರು. ಪೆಟ್ಟುಬಿದ್ದ ಮಗುವಿನ ಮಂಡಿಯನ್ನು ತಾಯಿ ಸವರಿದಾಗ ಅಳು ನಿಲ್ಲುವುದನ್ನು ಬಲ್ಲ ನಮಗೆ ಇದು ನಂಬಲಾಗದ ಮಾತೇನಲ್ಲ.

ಶಾಖ ಕೊಡಲು ಬೆಲೆಯ ಸಾಧನ ಬೇಕಾಗಿಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ದಪ್ಪ ಟವಲು, ರಬ್ಬರಿನ ಬಿಸಿನೀರು ಚೀಲ, ಹಂಡೆಯ ಬೆಚ್ಚನೆಯ ನೀರಿನ ಸ್ನಾನ ಇವೇ ಸಾಕು. ರಬ್ಬರು ಚೀಲಕ್ಕೆ ಕುದಿಯುವ ನೀರು ಬೇಡ. ಮೂರರಲ್ಲಿ ಎರಡು ಪಾಲು ತುಂಬಿ, ಗಾಳಿ ಹೊರಡಿಸಿ, ಬಿರಡೆ ಬಿಗಿಮಾಡಿ, ಬಟ್ಟೆ ಸುತ್ತಿ ಕೀಲಿನ ಮೇಲಿಡಿ. ಕೀಲನ್ನು ಅದರ ಮೇಲೆ ಊರಬೇಡಿ. ಹದಿನೈದರಿಂದ ಇಪ್ಪತ್ತು ನಿಮಿಷ ಸಾಕು. ಉಪ್ಪಿನ ಗಂಟು, ಮರಳಿನ ಗಂಟುಗಳೂ ಶಾಖವನ್ನೇ ಕೊಡುತ್ತವೆ. ಆದರೆ ಒಂದು ವ್ಯತ್ಯಾಸ ನೆನಪಿರಲಿ: ನೀರು ಎಷ್ಟು ಕುದಿದರೂ ನೂರು ಡಿಗ್ರಿಯನ್ನು ದಾಟದು, ಬಾಣಲೆಯಲ್ಲಿ ಹುರಿದ ಉಪ್ಪು, ಮರಳುಗಳಿಗೆ ಅಂಥ ಮಿತಿಯಿಲ್ಲ. ಎರಡು ಮೂರು ಪದರ ಬಟ್ಟೆಯಲ್ಲಿ ಕಟ್ಟಿ, ಕೊಡುವವರು ತಮ್ಮ ಮುಂಗೈಯ ಒಳಭಾಗಕ್ಕೆ ಮುಟ್ಟಿಸಿ ನೋಡಿಯೇ ಕೊಡಬೇಕು.

ಕಮ್ಮಾರ ಕಬ್ಬಿಣವನ್ನು ಕಾಯಿಸುವುದು ಬಗ್ಗಿಸುವುದಕ್ಕಾಗಿ. ನಮ್ಮ ಶಾಖವೂ ಹಾಗೆಯೇ. ಬೆಚ್ಚಗೆ ಮಾಡಿ ಮತ್ತೆ ಕುರ್ಚಿಯಲ್ಲಿ ಒರಗಿದರೆ ಗಂಟೆಯೊಳಗೆ ಬಿಗಿತ ಮರಳಿ ಬರುತ್ತದೆ. ಶಾಖ ಆರುವ ಮುಂಚೆ ಮಂಡಿಯನ್ನು ಮೆಲ್ಲಗೆ ಹತ್ತು ಸಲ ಮಡಿಸಿ ಚಾಚಿ. ಕುರ್ಚಿಯ ಮೇಲೆ ಕುಳಿತು ಕಾಲನ್ನು ನೇರವಾಗಿ ಚಾಚಿ, ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿಹಿಡಿದು ಐದು ಎಣಿಸಿ ಬಿಡಿ. ಬೆರಳ ಗೆಣ್ಣುಗಳಿಗಾದರೆ ಬೆಚ್ಚನೆಯ ನೀರಿನಲ್ಲಿ ಕೈಯಿಟ್ಟುಕೊಂಡು ಮುಷ್ಟಿ ಹಿಡಿದು ಬಿಡಿಸಿ. ಕೈಬೆರಳುಗಳಿಗೆ ಕರಗಿಸಿದ ಮೇಣದ ಲೇಪ ಕೊಡುವ ಪದ್ಧತಿಯೂ ಆಸ್ಪತ್ರೆಗಳಲ್ಲಿದೆ. ಅಲ್ಲಿಯೂ ವ್ಯಾಯಾಮ ಸೇರಿದಾಗಲೇ ಸಂಧಿವಾತದ ಕೈಗಳಿಗೆ ಪ್ರಯೋಜನವಾದದ್ದು ೨೦೦೨ರ ಒಂದು ಸಮಗ್ರ ವಿಮರ್ಶೆಯಲ್ಲಿ ಕಂಡುಬಂತು. ಮನೆಯ ಒಲೆಯ ಮೇಲೆ ಮೇಣ ಕರಗಿಸುವ ಸಾಹಸ ಮಾತ್ರ ಬೇಡ. ಅದು ಬೆಂಕಿ ಹಿಡಿಯುವ ಪದಾರ್ಥ.

ಶಾಖದ ಅಪಾಯ ಸುಡುವುದರಲ್ಲಿದೆ. ೧೯೪೭ರಲ್ಲಿ ಮಾರಿಟ್ಸ್ ಮತ್ತು ಹೆನ್ರಿಕ್ಸ್ ಎಂಬ ಸಂಶೋಧಕರು ಎಷ್ಟು ಶಾಖ ಎಷ್ಟು ಹೊತ್ತಿಗೆ ಚರ್ಮವನ್ನು ಸುಡುತ್ತದೆಂದು ಅಳೆದರು. ೬೦ ಡಿಗ್ರಿಯಾದರೆ ಐದು ಸೆಕೆಂಡು ಸಾಕು. ೪೯ ಡಿಗ್ರಿಯಾದರೆ ಹತ್ತು ನಿಮಿಷದೊಳಗೆ. ೪೪ ಡಿಗ್ರಿಯಾದರೆ ಸುಮಾರು ಆರು ಗಂಟೆ. ಕೊನೆಯ ಲೆಕ್ಕವನ್ನು ಗಮನಿಸಿ. ೪೪ ಡಿಗ್ರಿ ಎಂದರೆ ಕೈಗೆ ಹಿತವಾಗಿಯೇ ತೋರುವ ಬಿಸಿ. ವಿದ್ಯುತ್ತಿನ ಶಾಖಪಟ್ಟಿಯನ್ನು ಮಂಡಿಗೆ ಸುತ್ತಿಕೊಂಡು ನಿದ್ದೆಹೋದರೆ ಬೆಳಗಾಗುವಷ್ಟರಲ್ಲಿ ಬೊಬ್ಬೆ ಎದ್ದಿರುವುದು ಹೀಗೆಯೇ. ಶಾಖ ಇಟ್ಟುಕೊಂಡು ಮಲಗಲೇಬಾರದು.

ಸಿಹಿಮೂತ್ರ ರೋಗವುಳ್ಳವರಿಗೆ ಈ ಮಾತು ಇಮ್ಮಡಿ ಮುಖ್ಯ. ಬಹಳ ಕಾಲದ ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಜಡವಾಗಿ, ಬಿಸಿ ಬಿಸಿಯೆಂದು ತಿಳಿಯುವುದಿಲ್ಲ. “ಇನ್ನೂ ಸ್ವಲ್ಪ ಬಿಸಿ ಇರಲಿ, ನನಗೇನೂ ಗೊತ್ತೇ ಆಗ್ತಿಲ್ಲ” ಎಂದು ತಂದೆಯವರು ಹೇಳಿದರೆ ಅದು ಸಹನಶಕ್ತಿಯಲ್ಲ, ಅಪಾಯದ ಸೂಚನೆ. ಅಂಥವರ ಪಾದದ ಮೇಲೆ ಎದ್ದ ಒಂದು ಬೊಬ್ಬೆ ಹುಣ್ಣಾಗಿ, ಹುಣ್ಣು ಕೊಳೆತು, ಕಾಲನ್ನೇ ಕತ್ತರಿಸಬೇಕಾಗಿ ಬರುವುದುಂಟು. ಅವರ ಪಾದಕ್ಕೂ ಕಾಲಿನ ಹರಡಿಗೂ ಬಿಸಿಯ ಶಾಖವಾಗಲಿ ಮಂಜುಗಡ್ಡೆಯಾಗಲಿ ವೈದ್ಯರನ್ನು ಕೇಳದೆ ಬೇಡ. ಸ್ನಾನದ ನೀರನ್ನು ಸಹ ಮನೆಯ ಬೇರೊಬ್ಬರು, ಕೂಸಿಗೆ ನೀರೆರೆಯುವಾಗ ನೋಡುವಂತೆ, ಮೊಣಕೈಯಿಂದ ಪರೀಕ್ಷಿಸಬೇಕು.

ಮುಲಾಮಿನ ಮಾತನ್ನೂ ಹೇಳಿಬಿಡುತ್ತೇನೆ. ಚರ್ಮದ ನರಗಳಲ್ಲಿ ಸುಮಾರು ೪೩ ಡಿಗ್ರಿಗೆ ಎಚ್ಚರಗೊಂಡು ಸುಡುತ್ತಿದೆಯೆಂದು ಕೂಗುವ ಒಂದು ಪ್ರೋಟೀನಿದೆ. ಮೆಣಸಿನಕಾಯಿಯ ಖಾರವೂ ಅದನ್ನೇ ಎಬ್ಬಿಸುತ್ತದೆ. ಆದ್ದರಿಂದಲೇ ಖಾರ ಬಿಸಿಯಾಗಿ ತೋರುವುದು. ೧೯೯೭ರಲ್ಲಿ ಇದನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ, ಸ್ಪರ್ಶದ ಪ್ರೋಟೀನುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರೊಡನೆ, ೨೦೨೧ರ ನೊಬೆಲ್ ಬಹುಮಾನ ದೊರೆಯಿತು. ಪುದೀನ ಜಾತಿಯ ಗಿಡದಿಂದ ಬರುವ ಮೆಂಥಾಲ್ ಹಾಗೆಯೇ ತಂಪಿನ ಪ್ರೋಟೀನನ್ನು ಎಬ್ಬಿಸುತ್ತದೆ. ಮುಲಾಮಿನ ಬಿಸಿ ತಂಪುಗಳು ಹೀಗೆ ನರಕ್ಕೆ ತೋರುವ ಬಿಸಿ ತಂಪುಗಳೇ ಹೊರತು ಕೀಲಿನ ಉಷ್ಣ ಬದಲಾಗುವುದಿಲ್ಲ. ಹಚ್ಚುವುದರಲ್ಲಿ ತಪ್ಪಿಲ್ಲ. ಆದರೆ ಮುಲಾಮು ಹಚ್ಚಿದ ಜಾಗಕ್ಕೆ ಮೇಲಿಂದ ಶಾಖ ಕೊಡಬೇಡಿ, ಚರ್ಮ ಸುಟ್ಟೀತು.

ಒಂದೇ ಕೀಲು ಇಂದು ಒಂದು ಪಕ್ಷ, ನಾಳೆ ಇನ್ನೊಂದು ಪಕ್ಷ ಸೇರಬಹುದೆಂಬುದನ್ನೂ ತಿಳಿದಿರಬೇಕು. ವರ್ಷಗಟ್ಟಲೆ ಬೆಳಗಿನ ಬಿಸಿನೀರಿಗೆ ಒಗ್ಗಿಕೊಂಡಿದ್ದ ಅಜ್ಜಿಯ ಮಂಡಿ, ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲನ್ನು ಹತ್ತಿಬಂದ ಮರುದಿನ ಊದಿ ಕಾದುಬಿಟ್ಟರೆ, ಆ ಎರಡು ಮೂರು ದಿನ ಅದಕ್ಕೆ ತಂಪು ಮತ್ತು ವಿಶ್ರಾಂತಿ ಬೇಕು. ಕಾವು ಇಳಿದ ಮೇಲೆ ಮತ್ತೆ ಬಿಸಿನೀರು. ದಿನದಿನವೂ ಕೈಯ ಹಿಂಭಾಗವೇ ಪಂಚಾಯತಿ ಮಾಡಲಿ.

ಈಗ ಮೂರನೆಯ ಬಗೆಯ ಕೀಲು. ಒಂದೇ ಕೀಲು ಒಂದೆರಡು ದಿನದಲ್ಲೇ ವಿಪರೀತ ಊದಿ, ಬಿಸಿಯಾಗಿ, ಅಲುಗಿಸಲಾರದಷ್ಟು ನೋಯುತ್ತ, ಜ್ವರವೋ ನಡುಕವೋ ಜೊತೆಗೂಡಿದರೆ ಒಳಗೆ ಕೀವಾಗಿರಬಹುದು. ರಕ್ತದ ಮೂಲಕ ರೋಗಾಣುಗಳು ಬಂದು ಕೀಲಿನಲ್ಲಿ ನೆಲೆಸಿದಾಗ ಹೀಗಾಗುತ್ತದೆ. ತನ್ನದೇ ರಕ್ತನಾಳಗಳಿಲ್ಲದ ಮೃದ್ವಸ್ಥಿ ಸುಲಭವಾಗಿ ಕೂಡಿಕೊಳ್ಳದೆಂದು ಮೊದಲೇ ಹೇಳಿದೆನಷ್ಟೆ. ಕೀವು ತುಂಬಿದ ಕೀಲಿನಲ್ಲಿ ಅದು ಕೆಲವೇ ದಿನಗಳಲ್ಲಿ ಮತ್ತೆ ಸರಿಯಾಗದಂತೆ ನಾಶವಾಗಬಲ್ಲದು. ರೋಗಾಣು ರಕ್ತಕ್ಕೆ ಹರಡಿದರೆ ಪ್ರಾಣವೂ ಹೋಗಬಲ್ಲದು. ಇಂಥ ಕೀಲಿಗೆ ಉಪ್ಪಿನ ಗಂಟೂ ಬೇಡ, ಮಂಜುಗಡ್ಡೆಯೂ ಬೇಡ. ನಾಳೆ ನೋಡೋಣ ಎಂಬ ಮಾತೂ ಬೇಡ. ಅದೇ ದಿನ ಆಸ್ಪತ್ರೆ. ವೈದ್ಯರು ಸೂಜಿಯಿಂದ ದ್ರವವನ್ನು ತೆಗೆದು ಪರೀಕ್ಷಿಸಿ ಔಷಧಿ ಕೊಡುತ್ತಾರೆ. ಎಳೆಯ ಕೂಸಿನಲ್ಲಿ ಗುರುತು ಬೇರೆ: ಕೂಸು ಒಂದು ಕಾಲನ್ನು ಆಡಿಸದೆ ಸುಮ್ಮನಿಟ್ಟಿರುತ್ತದೆ, ಬಟ್ಟೆ ಬದಲಾಯಿಸಲು ಕಾಲು ಮುಟ್ಟಿದರೆ ಚೀರುತ್ತದೆ. ಉಳುಕಿರಬೇಕೆಂದು ನೀವಿಸಲು ಒಯ್ಯಬೇಡಿ.

ಇನ್ನೊಂದು, ಶಾಲೆಗೆ ಹೋಗುವ ಮಕ್ಕಳದು. ಗಂಟಲುನೋವು ಬಂದು ವಾಸಿಯಾದ ಎರಡು ಮೂರು ವಾರಗಳಿಗೆ ಮಗುವಿಗೆ ಜ್ವರ. ಇವತ್ತು ಮಂಡಿ, ನಾಳೆ ಕಾಲಿನ ಹರಡು, ನಾಡಿದ್ದು ಮೊಣಕೈ ಎಂದು ಊತ ತಿರುಗಾಡುತ್ತದೆ. ಶಾಖ ಕೊಟ್ಟರೂ ವಾಸಿಯಾಗುತ್ತದೆ, ಕೊಡದಿದ್ದರೂ ವಾಸಿಯಾಗುತ್ತದೆ. ಮೋಸವಿರುವುದು ಅಲ್ಲಿಯೇ. ಇದು ರುಮ್ಯಾಟಿಕ್ ಜ್ವರವಾಗಿದ್ದರೆ ಕೀಲನ್ನು ಸವರಿ ಹೊರಟುಹೋಗಿ ಹೃದಯದ ಕವಾಟಗಳ ಮೇಲೆ ಜೀವಮಾನದ ಗುರುತು ಬಿಡುತ್ತದೆ. ಸಕಾಲದಲ್ಲಿ ಗುರುತಿಸಿ, ವೈದ್ಯರು ಹೇಳಿದಷ್ಟು ವರ್ಷ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಡಿಸಿದರೆ ಜ್ವರ ಮರುಕಳಿಸುವುದನ್ನು ತಡೆಯಬಹುದು. 

ಕೊನೆಯದಾಗಿ, ಶಾಖಕ್ಕೂ ತಂಪಿಗೂ ಎಷ್ಟು ಬೆಲೆ ಕಟ್ಟಬೇಕು? ಮೇಲೆ ಹೇಳಿದ ೨೦೦೨ರ ವಿಮರ್ಶೆ ರುಮಟಾಯ್ಡ್ ಸಂಧಿವಾತಕ್ಕೆ ಸಂಬಂಧಿಸಿದ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿತು. ಬಿಸಿಯ ಪಟ್ಟಿಯಿಂದಲೂ ಮಂಜಿನ ಪಟ್ಟಿಯಿಂದಲೂ ರೋಗದ ಗತಿ ಬದಲಾಗಲಿಲ್ಲ, ಕೆಡುಕೂ ಆಗಲಿಲ್ಲ, ರೋಗಿಗಳಿಗೆ ಮಾತ್ರ ಏನೂ ಇಲ್ಲದಿರುವುದಕ್ಕಿಂತ ಯಾವುದಾದರೊಂದು ಇರುವುದು ಇಷ್ಟವಾಯಿತು. ಇವು ನೋವನ್ನು ಸೈರಿಸಲು, ಕೀಲನ್ನು ಆಡಿಸಲು ನೆರವಾಗುತ್ತವೆ, ರೋಗವನ್ನು ಕೀಳುವುದಿಲ್ಲ. ಎರಡೂ ಕೈಗಳ ಗೆಣ್ಣು, ಮಣಿಕಟ್ಟುಗಳು ಆರು ವಾರ ಕಳೆದರೂ ಊದಿಯೇ ಇದ್ದು, ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ ಅದು ರುಮಟಾಯ್ಡ್ ಸಂಧಿವಾತವಿರಬಹುದು. ಹೆಂಗಸರಲ್ಲಿ ಇದು ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಮೊದಲ ಕೆಲವು ತಿಂಗಳುಗಳಲ್ಲೇ ತಕ್ಕ ಔಷಧಿ ಸಿಕ್ಕರೆ ಬೆರಳುಗಳು ಸೊಟ್ಟಗಾಗದಂತೆ ಕಾಪಾಡಬಹುದು. “ಇಷ್ಟು ಕೆಲಸ ಮಾಡಿದ ಮೇಲೆ ಕೈ ನೋಯದೆ ಇರುತ್ಯೆ?” ಎಂದು ಬಿಸಿನೀರಿನಲ್ಲಿ ಕೈಯದ್ದಿಕೊಂಡು ಒಂದು ವರ್ಷ ಕಳೆದ ಗೃಹಿಣಿ ಕಳೆದುಕೊಳ್ಳುವುದು ಆ ತಿಂಗಳುಗಳನ್ನು. ಬಿಸಿನೀರು ಇರಲಿ, ಅದರ ಹಿತವೂ ಇರಲಿ; ವೈದ್ಯರ ಬಳಿಗೆ ಹೋಗುವ ದಾರಿಗೆ ಅದು ಅಡ್ಡವಾಗದಿರಲಿ.

ಇನ್ನು ಮುಂದೆ ನಿಮ್ಮ ಮನೆಯಲ್ಲಿ ಅಜ್ಜಿ, ಮೊಮ್ಮಗನ ವ್ಯಾಜ್ಯ ಎದ್ದಾಗ ಇಬ್ಬರನ್ನೂ ಒಂದು ನಿಮಿಷ ಸುಮ್ಮನಿರಲು ಹೇಳಿ, ಕೀಲಿನ ಮೇಲೆ ಕೈಯಿಟ್ಟು ನೋಡಿ. ಬಿಸಿಯಾಗಿದ್ದರೆ ಮೊಮ್ಮಗ ಮಂಜುಗಡ್ಡೆ ತರಲಿ. ತಣ್ಣಗಿದ್ದು ಬಿಗಿದಿದ್ದರೆ ಅಜ್ಜಿ ಹಂಡೆಗೆ ಉರಿ ಹಾಕಿಸಲಿ. ಬಿಸಿಯ ಜೊತೆಗೆ ಜ್ವರವೂ ಇದ್ದರೆ, ಒಂದು ಹೆಜ್ಜೆಯನ್ನೂ ಊರಲಾಗದಿದ್ದರೆ, ಇಬ್ಬರೂ ಸೇರಿ ಆಟೋ ಕರೆಯಲಿ.